ಮರಿಗೆ ಕ್ರೇಟೋ, ಮಂಕರಿಯೋ?

ಕೇಳ್ರಪ್ಪ, ಇವತ್ತು ನಮ್ಮ ಪಿರಿಯಾಪಟ್ಟಣದ ಮನೇಲಿ ನಾಯಿಮರಿ ಪಂಚಾಯ್ತಿ. ಚುಂಚನಕಟ್ಟೆಯ ನನ್ನ ತವರಿಂದ ಬೆಳಿಗ್ಗೆ ತಂದ ಮರಿಗೆ ಒಂದೇ ಕಡೆ ಮಲಗೋದು ಕಲಿಸಬೇಕಂತೆ. ಯಜಮಾನ್ರು ಟೊಮೆಟೊ ಕ್ರೇಟ್ ತಂದಿಟ್ರು.

"ಕಾಲು ಸಿಕ್ಕಾಕ್ಕೊತದೆ ಕಣೋ, ಕೋಳಿ ಮುಚ್ಚೋ ಮಂಕರೀನೇ ಸರಿ" ಅಂದ್ರು ಅತ್ತೆ.

ಎರಡರಲ್ಲೂ ಮರಿ ಕುಂಯ್ ಕುಂಯ್ ಅಂತ ಒಂದೇ ಅಳು. ಅಮ್ಮ ಮಗ ಇಬ್ಬರೂ ಜಗಳ ಆಡ್ತಿದ್ದಾಗ ಅದು ತಾನಾಗೇ ಹೋಗಿ, ನಮ್ಮವ್ವ ಅದನ್ನ ಕೂರಿಸಿ ಕಳಿಸಿದ್ದ ಹಳೇ ಬುಟ್ಟಿಯೊಳಗೆ, ಅವ್ವನ ಹರಿದ ಸೀರೆ ಮೇಲೆ ಮುದುರ್ಕೊಂಡು ಮಲಗ್ತು.

"ಮೂರು ದಿನ ಹಳೇ ಮನೆ ವಾಸ್ನೆ ಹುಡುಕ್ತದೆ ಬುಡವ್ವ. ನಾಕನೇ ದಿನ ಇದೇ ನನ್ನ ಮನೆ ಅಂದ್ಕೊತದೆ" ಅಂದ್ರು ಅತ್ತೆ.

ನಾನು ಈ ಮನೆಗೆ ಬಂದು ಆರು ವರ್ಷ ಆಯ್ತು. ನನಗಿನ್ನೂ ನಾಕನೇ ದಿನ ಬಂದಿಲ್ಲ ಕಣ್ರೀ.