ನೆಲುವಿನ ಮೇಲಿನ ಎರಡು ರೊಟ್ಟಿ

ಓದುವವರಲ್ಲಿ ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಪತ್ರಗಳನ್ನು ನಕಲು ಮಾಡಿಯೇ ವಯಸ್ಸು ಕಳೆದ ಕಾರಕೂನ. ಸಾಹೇಬರು ಹೇಳಿದ್ದನ್ನು ಬರೆದಿದ್ದೇನೆ, ಅರ್ಜಿದಾರರು ಹೇಳಿದ್ದನ್ನು ಬರೆದಿದ್ದೇನೆ. ನನ್ನ ಸಂಗತಿಯನ್ನು ನಾನೇ ಬರೆಯುತ್ತಿರುವುದು ಇದೇ ಮೊದಲು. ವಾಕ್ಯಗಳಲ್ಲಿ ದೋಷವಿದ್ದರೆ ಅದು ನನ್ನದು. ಸಂಗತಿಯಲ್ಲಿ ದೋಷವಿಲ್ಲ.

ವಿಷಯವು ತಂಗಳ ರೊಟ್ಟಿಗೆ ಸಂಬಂಧಪಟ್ಟದ್ದಾಗಿದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕಾಗದ ಏಕೆ ಎಂದು ಯಾರಾದರೂ ಕೇಳಬಹುದು. ಅಂಥವರು ಒಂದೇ ತಾಟಿನಲ್ಲಿ ವರ್ಷಗಟ್ಟಲೆ ತಂಗಳುಂಡವರಲ್ಲ ಎಂದಷ್ಟೇ ಉತ್ತರ ಕೊಡಬಲ್ಲೆ.

ತಂಗಳ ರೊಟ್ಟಿಯ ಮೇಲೆ ನನ್ನ ತಕರಾರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಧಾರವಾಡದ ಹತ್ತಿರದ ನಮ್ಮ ಊರಿನಲ್ಲಿ, ನನ್ನ ತಂದೆಯ ಮನೆಯಲ್ಲಿ, ಮುಂಜಾನೆ ತಂಗಳ ರೊಟ್ಟಿಗೆ ಗಟ್ಟಿ ಮೊಸರು, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಇರುತ್ತಿದ್ದವು. ತಂದೆಯೂ ಅದನ್ನೇ ಉಣ್ಣುತ್ತಿದ್ದರು, ನಾವೂ ಅದನ್ನೇ ಉಣ್ಣುತ್ತಿದ್ದೆವು. ಒಂದೇ ಸಾಲಿನಲ್ಲಿ ಕುಳಿತು ಎಲ್ಲರೂ ಉಂಡ ತಂಗಳು ಮನೆಯ ಊಟವೆನಿಸುತ್ತದೆ. ಒಬ್ಬನಿಗಾಗಿ ತೆಗೆದಿರಿಸಿದ ತಂಗಳು ಬೇರೆ ಪದಾರ್ಥ.

ನನ್ನ ಹೆಂಡತಿಯ ತವರುಮನೆ ಹಳೇ ಹುಬ್ಬಳ್ಳಿಯಲ್ಲಿ. ಅರಳೆಯ ವ್ಯಾಪಾರದ ಮನೆತನ. ನನ್ನ ಮಾವನವರು ತೀರಿಕೊಂಡಾಗ ಅವರ ಮಗ, ಅಂದರೆ ನನ್ನ ಹೆಂಡತಿಯ ತಮ್ಮ, ಇನ್ನೂ ಸಾಲಿಗೆ ಹೋಗುವ ಹುಡುಗನಾಗಿದ್ದ. ಆಗ ಅತ್ತೆಯವರು ನಮ್ಮ ಬಾಡಿಗೆಯ ಖೋಲಿಗೆ ತಾವಾಗಿ ಬಂದು ಬಾಗಿಲ ಮರೆಯಲ್ಲಿ ನಿಂತು ಹೇಳಿದ ಮಾತು ನನಗೆ ನೆನಪಿದೆ.

"ಮನ್ಯಾಗ ಒಬ್ಬ ಗಂಡಸ ಬೇಕ್ರಿ, ಅಳ್ಯಾರ. ನೀವು ಬಂದು ನಿಂತ್ರ ಹಿರೇ ಮಗಾ ಬಂದು ನಿಂತಂಗ."

ಆ ಮಾತನ್ನು ನಂಬಿ ನಾವು ಖೋಲಿ ಖಾಲಿ ಮಾಡಿ ಸದರಿ ಮನೆಗೆ ಹೋದೆವು. ನಾನು ಮನೆಯಳಿಯನಾದೆ. ಬೇಡಿ ಹೋದವನಲ್ಲ, ಕರೆಸಿಕೊಂಡು ಹೋದವನು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕಾಗಿದೆ.

ಆ ಮನೆಯಲ್ಲಿ ಅನ್ನ ಚೆಲ್ಲುವಂತಿರಲಿಲ್ಲ. ಅತ್ತೆಯವರ ಕಣ್ಣು ತಪ್ಪಿಸಿ ಒಂದು ಕಾಳು ಕೂಡ ಹೊಸ್ತಿಲು ದಾಟುತ್ತಿರಲಿಲ್ಲ. ಉಳಿದ ಪಲ್ಯಕ್ಕೆ ಮರುದಿನ ಹಿಟ್ಟು ಬೆರೆಸುತ್ತಿದ್ದರು, ಚೂರಾದ ರೊಟ್ಟಿಗೆ ಒಗ್ಗರಣೆ ಕೊಡುತ್ತಿದ್ದರು, ರೊಟ್ಟಿ ಬಡಿಯುವಾಗ ಸಿಡಿದ ಹಿಟ್ಟನ್ನು ಸೆರಗಿನ ತುದಿಯಿಂದ ಒಟ್ಟುಮಾಡುತ್ತಿದ್ದರು. ಉಂಡಾದ ಮೇಲೆ ತಾಟಿನಲ್ಲಿಯೇ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಅದು ನಮ್ಮ ಮನೆತನದಲ್ಲಿಯೂ ಇದ್ದ ಪದ್ಧತಿಯೇ. ನಮ್ಮ ತಂದೆ ಹಾಗೆ ಕುಡಿದು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಈ ಅತ್ತೆಯವರಾದರೋ ಬೇರೆಯವರು ಕುಡಿದರೋ ಇಲ್ಲವೋ ಎಂದು ಕಣ್ಣು ತೆರೆದು ನೋಡುತ್ತಿದ್ದರು.

ಇಷ್ಟಾಗಿಯೂ ಅವರು ದಿನಾಲೂ ಬೇಕಾದದ್ದಕ್ಕಿಂತ ಒಂದು ಪಾವು ಹಿಟ್ಟನ್ನು ಹೆಚ್ಚಿಗೆ ಅಳೆದು ಕೊಡುತ್ತಿದ್ದರು. ಬಂದವರಿಗೆ ಇರಲಿ ಎಂದು. ಯಾರೂ ಬರುತ್ತಿರಲಿಲ್ಲ. ರೊಟ್ಟಿ ಉಳಿಯುತ್ತಿತ್ತು. ಮರುದಿನ ಅದನ್ನು ನಾನು ಉಣ್ಣಬೇಕು. ನಾನು ನಿನ್ನೆಯದನ್ನು ಉಂಡ ಕಾರಣ ನನ್ನ ಪಾಲಿನ ಇಂದಿನದು ಉಳಿಯುತ್ತಿತ್ತು, ಅದು ಮತ್ತೆ ನಾಳೆ ನನ್ನ ತಾಟಿಗೆ ಬರುತ್ತಿತ್ತು. ಒಂದೇ ಒಂದು ದಿನ ಆ ರೊಟ್ಟಿಯನ್ನು ಎಮ್ಮೆಗೆ ಹಾಕಿದ್ದರೆ ಈ ಸರಪಳಿ ಹರಿದುಹೋಗುತ್ತಿತ್ತು. ಆದರೆ ಚೆಲ್ಲುವುದು ಪಾಪ. ಆ ಪಾಪ ತಟ್ಟಬಾರದೆಂದು ನನ್ನನ್ನು ಕೂರಿಸಲಾಗಿತ್ತು.

ಮೊದಲು ಇದಕ್ಕೆ ಒಂದು ಸಮಜಾಯಿಷಿ ಕೊಟ್ಟಿದ್ದರು. ನನಗೆ ಕಚೇರಿಗೆ ಲಗೂ ಹೋಗಬೇಕು, ಬಿಸಿ ರೊಟ್ಟಿಗೆ ಕಾಯುತ್ತ ಕುಳಿತರೆ ತಡವಾಗುತ್ತದೆ ಎಂದು. ನಾನು ಅದನ್ನು ಒಪ್ಪಿದ್ದೆ. ಆಮೇಲೆ ಹೆಂಡತಿಯ ತಮ್ಮ ದೊಡ್ಡವನಾಗಿ ಅರಳೆಯ ಪೇಟೆಗೆ ಹೋಗಲಾರಂಭಿಸಿದ. ಅವನು ನನಗಿಂತ ಮೊದಲು ಮನೆ ಬಿಡುತ್ತಿದ್ದ, ಬಿಸಿ ರೊಟ್ಟಿ ಉಂಡೇ ಬಿಡುತ್ತಿದ್ದ. ರವಿವಾರ ಕಚೇರಿಗೆ ರಜೆ. ರವಿವಾರವೂ ನನಗೆ ತಂಗಳೇ.

ಇದರ ಜೊತೆಗೆ ಇನ್ನೊಂದು ಬದಲಾವಣೆಯಾಯಿತು. ಅದನ್ನು ಬರೆಯಲು ಈಗಲೂ ನನಗೆ ಸಂಕೋಚ. ನಮ್ಮ ಕಡೆ ಅಳಿಯನನ್ನು ಯಾರೂ ಏಕವಚನದಲ್ಲಿ ಕರೆಯುವುದಿಲ್ಲ. ಅವನು ನಿನ್ನೆ ಮೊನ್ನೆ ಮೀಸೆ ಬಂದ ಹುಡುಗನಾಗಿದ್ದರೂ "ಬರ್ರಿ, ಕೂಡ್ರಿ, ಉಣ್ರಿ". ನನಗೂ ಮೊದಲು ಹಾಗೆಯೇ ಇತ್ತು. ತಂಗಳ ರೊಟ್ಟಿ ಕಾಯಂ ಆದ ಮೇಲೆ ಆ "ರಿ" ಸವೆಯುತ್ತ ಬಂದು ಒಂದು ದಿನ ಇಲ್ಲವಾಯಿತು. "ತಮ್ಮಾ, ಉಣ್ಣು" ಎಂದರು. ಗದಗಿನ ಕಡೆಯ ಕಿರಿಯ ಅಳಿಯನು ವರ್ಷಕ್ಕೊಮ್ಮೆ ಬಂದಾಗ ಅದೇ ಬಾಯಿಂದ "ಅಳ್ಯಾರ, ಇನ್ನೊಂದು ಬಿಸಿದು ಹಾಕಸ್ಕೋರ್ರಿ" ಎಂಬ ಮಾತು ಬರುತ್ತಿತ್ತು. ಅವನ ಪಕ್ಕದಲ್ಲಿ ಕುಳಿತು ನಾನು ನಿನ್ನೆಯದನ್ನು ಮುರಿಯುತ್ತಿದ್ದೆ. ಒಮ್ಮೆ ಅವನೇ ಮುಜುಗರಪಟ್ಟು ನನ್ನ ತಾಟು ನೋಡಿದಾಗ ಅತ್ತೆಯವರು, "ಅಂವಾ ಮನೀ ಮಗಾ ಬಿಡ್ರಿ. ಮಗನ ಮುಂದ ಎಂಥಾ ಉಪಚಾರ?" ಎಂದರು. ಆಡಿದವರಿಗೆ ಅದು ಮಾನ ಕೊಟ್ಟ ಮಾತಿನ ಹಾಗಿತ್ತು.

ನಾನು ನಿನ್ನೆಯದನ್ನೇ ಉಂಡು ಎದ್ದೆ. ಆದರೆ ಸದರಿ ತಾಟು ನನ್ನೊಬ್ಬನದಾಗಿರಲಿಲ್ಲ. ನಾನು ಉಂಡ ತಾಟಿನಲ್ಲಿಯೇ ನನ್ನ ಹೆಂಡತಿ ಉಣ್ಣುತ್ತಿದ್ದಳು. ಮನೆಯವರೆಲ್ಲರ ರೊಟ್ಟಿಯನ್ನು ಒಲೆಯ ಮುಂದೆ ಕುಳಿತು ಬಡಿದು ಬೇಯಿಸುವವಳು ಅವಳೇ. ಬೇಯಿಸಿ ಎದ್ದು, ನನ್ನ ತಾಟಿನಲ್ಲಿ ನಾನು ಬಿಟ್ಟ ತಂಗಳನ್ನು ಉಂಡು, ತಾಟು ತೊಳೆದು ಆ ನೀರನ್ನು ಕುಡಿಯುತ್ತಿದ್ದಳು. ಅದೂ ಹೆತ್ತ ತಾಯಿಯ ಮನೆಯಲ್ಲಿ, ನನ್ನ ಹೆಂಡತಿಯಾದ ಕಾರಣಕ್ಕೆ. ಉಳಿದದ್ದನ್ನೆಲ್ಲ ನುಂಗಿಕೊಂಡೇನು, ಇದೊಂದನ್ನು ನುಂಗುವುದು ನನ್ನಿಂದ ಆಗಲಿಲ್ಲ.

ಮುಂದೆ ಯುದ್ಧ ಬಂದು ರೇಶನ್ ಬಂತು. ಜೋಳವನ್ನು ತಲೆ ಎಣಿಸಿ ಕೊಡಲಾರಂಭಿಸಿದರು. ಕಚೇರಿ ಬಿಟ್ಟು ಬರುತ್ತ ಅಂಗಡಿಯ ಮುಂದೆ ಸಾಲು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಬಂದ ಜೋಳದಲ್ಲಿ ಹರಳು, ಕಸ. ರೊಟ್ಟಿ ಬಡಿದರೆ ಅಂಚು ಸೀಳುತ್ತಿತ್ತು. ಊರೆಲ್ಲ ಬಯ್ಯುತ್ತಿದ್ದ ಆ ರೇಶನ್ನಿನಿಂದ ನನಗೊಬ್ಬನಿಗೆ ಗುಟ್ಟಾಗಿ ಸಮಾಧಾನವಾಗಿತ್ತು. ಹೆಚ್ಚಿನ ಪಾವು ಇನ್ನು ಸಾಧ್ಯವಿರಲಿಲ್ಲ. ಉಳಿಯುವುದೇ ಇಲ್ಲವೆಂದ ಮೇಲೆ ತಂಗಳು ಎಲ್ಲಿಂದ ಬರಬೇಕು?

ಆದರೂ ನನ್ನ ತಾಟಿಗೆ ದಿನಾಲೂ ಎರಡು ತಂಗಳ ರೊಟ್ಟಿ ಬರುತ್ತಲೇ ಇದ್ದವು.

ಇದು ನನಗೆ ಬಿಡಿಸಲಾರದ ಲೆಕ್ಕವಾಯಿತು. ಒಂದು ರವಿವಾರ ಅಡಿಗೆಮನೆಯ ಬಾಗಿಲ ಹತ್ತಿರ ಕುಳಿತಿದ್ದೆ. ಹೆಂಡತಿ ಹಂಚಿನಿಂದ ರೊಟ್ಟಿ ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ಇನ್ನೂ ಹಬೆಯಾಡುತ್ತಿದ್ದ ಎರಡು ರೊಟ್ಟಿಗಳನ್ನು ಅತ್ತೆಯವರು ತೆಗೆದು, ಅರಿವೆಯಲ್ಲಿ ಸುತ್ತಿ, ತೊಲೆಗೆ ತೂಗುಹಾಕಿದ್ದ ನೆಲುವಿನ ಮೇಲೆ ಇಟ್ಟರು. ಅಲ್ಲಿಂದ ನಿನ್ನೆಯ ಎರಡನ್ನು ಇಳಿಸಿ ನನ್ನ ತಾಟಿಗೆ ಹಾಕಿದರು.

"ಅತ್ತ್ಯಾರ, ಮ್ಯಾಲೆ ಇಟ್ಟಿರಲ್ಲ, ಅವು ಯಾರಿಗ್ರಿ?" ಎಂದು ಕೇಳಿದೆ.

"ನಾಳಿಗೆ."

"ಇವತ್ತು ಏನೂ ಉಳದಿಲ್ಲಲ್ರಿ."

"ಉಳಸಬೇಕಪಾ. ನಾಳಿಗೆ ಎರಡು ರೊಟ್ಟಿ ಇರಲಾರದ್ದು ಒಂದು ಮನೀನ? ನೆಲುವು ಬರಿದಿಟ್ಟು ಮಲಗೂ ರೂಢಿ ನಮ್ಮಲ್ಲಿಲ್ಲ."

"ನಾಳೆ ಅವನ್ನ ಉಣ್ಣಾವ್ರು ಯಾರ್ರಿ?"

"ಹೊರಗಿನವರಿಗೆ ತಂಗಳ ಹಾಕಾಕ ಬರತೈತೇನು? ನೀ ಮನೀ ಮಗಾ. ನೀ ಉಣತಿ."

ಹೆಂಡತಿಯ ತಮ್ಮ ನನ್ನೆದುರಿಗೆ ಕುಳಿತು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದ. ತಲೆಯೆತ್ತದೆ, "ಭಾವಾರ, ಇದಕ್ಕೊಂದು ಅರ್ಜಿ ಕೊಡ್ರಲಾ. ನಿಮಗ ಅದೊಂದ ಛಲೋ ಬರತೈತಿ. ಸಾಹೇಬ್ರ ಸಹಿ ಆಗಿ ಬರೂದ್ರಾಗ ರೊಟ್ಟಿಗೆ ಬೂಸಲಾ ಬಂದಿರತೈತಿ, ಅಷ್ಟ" ಎಂದ.

ನಾನು ಅತ್ತೆಯವರಿಗೇ ಹೇಳಿದೆ. "ಇಲ್ಲಿ ಇನ್ನೊಬ್ಬ ಮಗಾ ಕುಂತಾನಲ್ರಿ. ನಾಳೆ ಅವಗೊಂದು ಹಾಕ್ರಿ, ನನಗೊಂದು ಹಾಕ್ರಿ. ಇಲ್ಲಾಂದ್ರ ಎಲ್ಲಾರೂ ಕೂಡಿ ಹರಕೊಂಡು ಉಣ್ಣೂಣು."

"ಅವಗ ತಂಗಳಾ?" ಎಂದರು ಅತ್ತೆಯವರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅಂವಾ ಪ್ಯಾಟ್ಯಾಗ ದುಡಿಯಾಂವ."

"ನಾ ಏನು ಕಚೇರ್ಯಾಗ ಮಲಗಿ ಬರತೇನೇನ್ರಿ?"

"ಹಂಗ ನಾ ಅಂದಿಲ್ಲ. ನೀ ಅಂದಿ."

ನಾನು ತಾಟು ಬಿಟ್ಟು ಎದ್ದೆ. ಆ ಮನೆಯಲ್ಲಿ ಬಡಿಸಿದ ತಾಟಿನಿಂದ ಯಾರೂ ಎದ್ದಿರಲಿಲ್ಲ.

"ತಾಟಿಗೆ ಬಿದ್ದದ್ದು ಪ್ರಸಾದ," ಎಂದರು ಅತ್ತೆಯವರು. "ಬಿಟ್ಟೇಳಬ್ಯಾಡ. ಚೆಲ್ಲಿದ ಪಾಪ ನನ್ನ ಮನೀಗೆ ತರಬ್ಯಾಡ."

ಆಗ ನನ್ನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. ಕೈಗೆ ಇನ್ನೂ ಹಿಟ್ಟು ಹತ್ತಿತ್ತು. ನನ್ನ ತಾಟಿನ ಮುಂದೆ ಕುಳಿತು ಆ ಎರಡೂ ರೊಟ್ಟಿಗಳನ್ನು ಉಂಡಳು. ಒಣಗಿದ ರೊಟ್ಟಿ ಮುರಿಯುವ ಸಪ್ಪಳವಷ್ಟೇ ಇತ್ತು. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಕುಡಿದಳು. ತಾಟನ್ನು ತಾಯಿಯ ಮುಂದೆ ಬೋರಲು ಹಾಕಿದಳು.

"ಅವ್ವಾ, ಏನೂ ಚೆಲ್ಲಿಲ್ಲ, ನೋಡು."

ಬಳಿಕ ಒಳಗೆ ಹೋಗಿ ಸೀರೆಗಳನ್ನು ಗಂಟು ಕಟ್ಟಿದಳು. ಅತ್ತೆಯವರು ತಡೆಯಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಹೊತ್ತುವ ವಾಸನೆ ಬಂದಾಗ ಮಾತ್ರ ಅದನ್ನು ತಿರುವಿಹಾಕಲು ಎದ್ದುಹೋದರು.

ಓಣಿಯಲ್ಲಿ ಬರುವಾಗ ನಾನು ಹೆಂಡತಿಯನ್ನು ಕೇಳಿದೆ. "ದಿನಾ ಎತ್ತಿಡತಿದ್ದದ್ದು ನಿನಗ ಗೊತ್ತಿತ್ತೇನು?"

"ನಾ ಬಡದ ರೊಟ್ಟಿ ನನಗ ಗೊತ್ತಾಗಂಗಿಲ್ಲೇನ್ರಿ?"

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಉಣ್ಣೂದು ಬಿಡತಿದ್ರಿ. ನೀವು ಬಿಟ್ರ ನಾ ಯಾರ ತಾಟಿನ್ಯಾಗ ಉಣ್ಣಬೇಕಿತ್ತು?"

ಎರಡು ಓಣಿ ಆಚೆಗೆ ಒಂದು ಖೋಲಿ ಸಿಕ್ಕಿತು. ಮನೆಯಲ್ಲಿದ್ದ ಪಾತ್ರೆಗಳೇ ನಾಲ್ಕಾರು. ಆದರೂ ಹೆಂಡತಿ ಮೊದಲು ಮಾಡಿದ ಕೆಲಸವೆಂದರೆ ಪಾತ್ರೆ ಮಾರುವ ಬೋಗಾರರ ಅಂಗಡಿಯಿಂದ ಇನ್ನೊಂದು ತಾಟನ್ನು ತರಿಸಿದ್ದು. ಅಂದಿನಿಂದ ನಮ್ಮಲ್ಲಿ ಎರಡು ತಾಟುಗಳು. ತಂಗಳು ಉಳಿದ ದಿನ ಇಬ್ಬರಿಗೂ ತಂಗಳು, ಇಲ್ಲವಾದರೆ ಇಬ್ಬರಿಗೂ ಬಿಸಿ.

ನಾಗರ ಪಂಚಮಿ ಬಂತು. ಪಂಚಮಿಗೆ ಮಗಳನ್ನು ಕರೆಯದಿದ್ದರೆ ಓಣಿಯ ಮಂದಿ ಆಡಿಕೊಳ್ಳುತ್ತಾರೆ. ಹೆಂಡತಿಯ ತಮ್ಮ ಬಂದು ಬಾಗಿಲಲ್ಲಿಯೇ ನಿಂತು, "ಅವ್ವ ಹೇಳಿ ಕಳಿಸ್ಯಾಳ. ಇಬ್ಬರೂ ಬರಬೇಕಂತ. ರೊಟ್ಟಿ ಹಬ್ಬಕ್ಕಲ್ಲ, ಪಂಚಮಿ ದಿನಾನ ಬರ್ರಿ ಅಂದಾಳ" ಎಂದ. ಹೆಂಡತಿ ನನ್ನ ಮುಖ ನೋಡಿದಳು. ಹಬ್ಬದ ಮುನ್ನಾದಿನ ನಮ್ಮ ಕಡೆ ರೊಟ್ಟಿ ಹಬ್ಬ. ಅಂದು ಒಲೆ ಆರುವುದೇ ಇಲ್ಲ, ಮನೆ ಮನೆಗೂ ರೊಟ್ಟಿ ಕಳಿಸುತ್ತಾರೆ. ಪಂಚಮಿಯ ದಿನ ಮಾತ್ರ ಯಾರೂ ಒಲೆಯ ಮೇಲೆ ಹಂಚು ಇಡುವುದಿಲ್ಲ. ಹೀಗಾಗಿ ಆ ದಿನ ಎಂಥ ದೊಡ್ಡ ಮನೆಯಲ್ಲಿಯೂ, ಎಂಥ ಅಳಿಯನಿಗೂ, ನಿನ್ನೆಯ ರೊಟ್ಟಿಯೇ. ಇದನ್ನೆಲ್ಲ ಬಲ್ಲವರೇ ದಿನ ಗೊತ್ತುಮಾಡಿ ಕರೆಸಿದ್ದರು.

ನಾವು ಹೋದೆವು. ಅತ್ತೆಯವರು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿದರು.

"ಬರ್ರಿ, ಅಳ್ಯಾರ. ಕೂಡ್ರಿ."

ಮೂರು ತಾಟು ಹಾಕಿದ್ದರು. ಒಂದು ನನಗೆ, ಒಂದು ಅವರ ಮಗನಿಗೆ. ಇನ್ನೊಂದರ ಮುಂದೆ ನನ್ನ ಹೆಂಡತಿ ಯಾರನ್ನೂ ಕೇಳದೆ ಕುಳಿತಳು. ಅದನ್ನು ಅತ್ತೆಯವರು ತಮಗೆಂದು ಹಾಕಿಕೊಂಡಿದ್ದರೋ ಏನೋ, ಆದರೂ ಅವಳಿಗೇ ಬಡಿಸಿದರು.

"ಇವತ್ತು ಹಂಚು ಇಡಂಗಿಲ್ರಿ, ನಿಮಗ ಗೊತ್ತ ಐತಿ. ನಿನ್ನಿವು ಅದಾವು. ತ್ರಾಸು ಮಾಡಿಕೋಬ್ಯಾಡ್ರಿ," ಎಂದರು. ಸೆರಗಿನ ಒಳಗೆ ತುಟಿ ನಗುತ್ತಿತ್ತು.

"ತ್ರಾಸೇನ್ರಿ, ಅತ್ತ್ಯಾರ. ನಿಮ್ಮ ಮನ್ಯಾಗ ರೂಢಿ ಆಗೇತಿ," ಎಂದೆ.

ಹೆಂಡತಿಯ ತಮ್ಮ ಒಂದು ತುತ್ತು ಅಗಿದು ಮುಖ ಕಿವುಚಿದ. "ಅವ್ವಾ, ಇವೇನ ಹಂಚಿನ ಚೂರು ಆಗ್ಯಾವು? ನನ್ನ ಕೈಲೆ ಆಗಂಗಿಲ್ಲವಾ." ತಾಟನ್ನು ಅರ್ಧಕ್ಕೆ ಮುಂದೆ ಸರಿಸಿದ.

ಅತ್ತೆಯವರ ನಗು ಹೋಯಿತು. ಅವರು ಮಗನ ತಾಟು ನೋಡಿದರು, ನನ್ನನ್ನು ನೋಡಿದರು. ನಾನೂ ಅವರನ್ನೇ ನೋಡುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ದೃಷ್ಟಿ ಬೇರೆಡೆ ಹೊರಳಿಸುತ್ತಿದ್ದರು. ನಾನು ಹೊರಳಿಸಲಿಲ್ಲ.

"ಉಣ್ಣು," ಎಂದರು ಮಗನಿಗೆ.

ಅವನು ತಾಟನ್ನು ಹತ್ತಿರಕ್ಕೆ ಎಳೆದುಕೊಂಡ. ನನ್ನ ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು, ಹಸಿವೆಯೂ ತೀರಿತ್ತು. ಆದರೂ ನಾನು, "ಇನ್ನೊಂದು ಹಾಕ್ರಿ" ಎಂದೆ. ಅವರು ಹಾಕಿದರು. ಅದನ್ನು ಕೊನೆಯ ಚೂರಿನವರೆಗೆ ಉಂಡು, ತಾಟಿನಲ್ಲಿ ನೀರು ಹಾಕಿ ತೊಳೆದು ಕುಡಿದೆ. ಪಕ್ಕದಲ್ಲಿ ನನ್ನ ಹೆಂಡತಿ ತನ್ನ ತಾಟನ್ನು ತೊಳೆದು ಕುಡಿಯುತ್ತಿದ್ದಳು.