ನಾಳೆ ಬಿಡುವ ದೋಣಿ

ದೋಣಿ ತೇಲಿಸುವುದೂ ಮಾತು ತೇಲಿಸುವುದೂ ಖಂಫೆತ್‌ಗೆ ಒಂದೇ ಕಸುಬು. ಲಾವೋಸಿನ ಊ ನದಿಯ ದಡದ ಆ ಬೆಟ್ಟದೂರಿನಲ್ಲಿ ಅವನ ಬಾಯಿಂದ ‘ಇಲ್ಲ’ ಎಂಬುದನ್ನು ಕೇಳಿದವರಿರಲಿಲ್ಲ. ಎದುರಿಗೆ ನಿಂತವರ ಮುಖ ಸಪ್ಪಗಾದರೆ ಅವನಿಗೆ ಅನ್ನ ಇಳಿಯದು. ಮೀನು ಸಿಗುತ್ತದೆಯೇ ಎಂದರೆ ಸಿಗುತ್ತದೆ, ಮಳೆ ನಿಲ್ಲುತ್ತದೆಯೇ ಎಂದರೆ ನಿಲ್ಲುತ್ತದೆ. ಅವನ ಮನೆಯ ಮಹಡಿಯಲ್ಲಿ ಇಳಿದುಕೊಳ್ಳುವ, ಬೆನ್ನಿಗೆ ಚೀಲ ಹೇರಿದ ಪರದೇಶಿಗಳು ಬಿಸಿನೀರಿದೆಯೇ ಎಂದರೆ ಅದೂ ಇದೆ. ಅವರು ಬಚ್ಚಲಿಗೆ ಹೋದ ಮೇಲೆ ಹೆಂಡತಿ ಓನ್ಸಿ ಒಲೆ ಹಚ್ಚಲು ಓಡುತ್ತಿದ್ದಳು.

ಮಳೆಗಾಲದಲ್ಲಿ ಅಂಥವರೂ ಬರುವುದಿಲ್ಲ. ಆ ವರ್ಷ ಒಬ್ಬಳು ಬಂದಳು. ಹಳ್ಳಿಯಿಂದ ಹಳ್ಳಿಗೆ ನಡೆದು ಬಂದು ಮೊಣಕಾಲವರೆಗೆ ಕೆಸರಾಗಿದ್ದಳು. ಹೆಸರು ಮಣಿಚಾನ್. ಹುಟ್ಟಿದ್ದು ಫ್ರಾನ್ಸಿನಲ್ಲಿ, ಆಡುವುದು ಅಪ್ಪ ಕಲಿಸಿದ ಲಾವೋ ಮಾತು. ಅಪ್ಪ ತೀರಿಕೊಂಡಿದ್ದ. ಮೇಲ್ಹೊಳೆಯ ಹಳ್ಳಿಯಲ್ಲಿ ಅವನ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಉಸಿರಿರುವಾಗಲೇ ಆ ಅತ್ತೆಯನ್ನು ಒಮ್ಮೆ ನೋಡಬೇಕು. ಬರುತ್ತೇನೆಂದು ಮೊದಲೇ ಹೇಳಿಕಳಿಸಿದ್ದಳು. ರಸ್ತೆ ಕುಸಿದಿತ್ತು. ಹೊಳೆ ಬುಡಮೇಲಾದ ಮರಗಳನ್ನು ಹೊತ್ತು ಕೆಂಪಗೆ ಹರಿಯುತ್ತಿತ್ತು.

“ದೋಣಿ ಹೋಗತ್ತಾ ದೊಡ್ಡಪ್ಪ?”

“ಹೋಗತ್ತೆ ಮಗಳೆ. ನಾಳೆ.”

ನಾಳೆ ಬಂದಾಗ ನೀರು ಇನ್ನೊಂದು ಮೆಟ್ಟಿಲು ಏರಿತ್ತು. ಚೀಲ ಹೆಗಲಿಗೇರಿಸಿ ಬಂದವಳಿಗೆ ಅದೇ ಉತ್ತರ.

“ಗುಡ್ಡದ ಮೇಲೆ ಕಾಲುದಾರಿ ಇದ್ಯಂತಲ್ಲ” ಎಂದಳು. “ದಾರೀಲಿ ಒಂದು ರಾತ್ರಿ ಕಳೆದ್ರೆ ತಲುಪ್ತೀನಂತೆ. ನಡೆದುಬಿಡ್ಲಾ?”

“ಜಿಗಣೆಗೆ ಊಟ ಹಾಕೋಕಾ? ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಕೂತ್ಕೋ, ಕಳಲೆ ಸಾರು ಬಿಸಿಯಾಗಿದೆ.”

ಒಳಗೆ ಓನ್ಸಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು. “ಆ ನೀರಿಗೆ ಎಮ್ಮೇನೂ ಇಳಿಯಲ್ಲ. ನಿಜ ಹೇಳಿಬಿಡಿ ಆ ಹುಡುಗಿಗೆ.”

“ಹೇಳಿದ್ರೆ ಅಳ್ತಾಳೆ ಕಣೆ.”

“ಅಳ್ಲಿ. ಅತ್ಕೊಂಡೇ ನಡೀತಾಳೆ.”

“ನಾಳೆ ಇಳಿಯತ್ತೆ ಅಂದ್ನಲ್ಲ.”

“ಹೊಳೆ ನಿಮ್ಮ ಮಾತು ಕೇಳತ್ತಾ? ನಾನೇ ಕೇಳಲ್ಲ.”

ಹಾಗೆಂದವಳೂ ಅತಿಥಿಯ ಮುಂದೆ ಗಂಡನ ಮಾತನ್ನು ತೆಗೆದುಹಾಕಲಿಲ್ಲ. ಇನ್ನೂ ಕೆಲವು ನಾಳೆಗಳು ಕಳೆದವು.

ಕೊನೆಗೊಂದು ಬೆಳಿಗ್ಗೆ ನೀರಿಳಿಯಿತು. ಖಂಫೆತ್ ತಾನೇ ಇಳಿಸಿದವನಂತೆ ದೋಣಿ ಬಿಟ್ಟ, ದಾರಿಯುದ್ದಕ್ಕೂ ಹುಡುಗಿಯನ್ನು ನಗಿಸಿದ. ಮೇಲ್ಹೊಳೆಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಅವಳ ಮೂಗು ನೋಡಿಯೇ ಯಾರ ಮಗಳೆಂದು ಗುರುತು ಹಿಡಿದು, ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಮುದುಕಿ ಮೊನ್ನೆ ಸಂಜೆಯವರೆಗೂ “ಮಣಿ ಬಂದ್ಲಾ?” ಎಂದು ಕೇಳುತ್ತಲೇ ಇದ್ದಳಂತೆ. ನಿನ್ನೆ ಚಿತೆ ಉರಿದಿತ್ತು.

ಅಂದೇ ಕಾಲುದಾರಿ ಹಿಡಿದಿದ್ದರೆ ಅವಳು ಯಾವತ್ತೋ ಅತ್ತೆಯ ಪಕ್ಕ ಕೂತಿರುತ್ತಿದ್ದಳು. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹುಟ್ಟುಗೋಲು ಹಿಡಿದು ಖಂಫೆತ್ ಬೈಗುಳಕ್ಕೆ ಕಾದು ನಿಂತ. ಬೈದರೆ ಎದೆ ಹಗುರಾಗುತ್ತಿತ್ತೇನೋ.

ಮಣಿಚಾನ್ ಮುಖ ಒರೆಸಿಕೊಂಡು ನಗಲು ನೋಡಿದಳು. “ಪರವಾಗಿಲ್ಲ ದೊಡ್ಡಪ್ಪ. ಹೊಳೆ ಉಕ್ಕಿದ್ರೆ ನೀವೇನ್ ಮಾಡೋಕಾಗತ್ತೆ?”

ಎಲ್ಲಿ ಹುಟ್ಟಿದರೇನು, ಹುಡುಗಿ ಈ ಕಡೆಯವಳೇ. ಅವನಿಗೆ ನೋವಾಗಬಾರದೆಂದು ಅವಳೂ ಸುಳ್ಳು ಹೇಳಿದ್ದಳು.

ಈಗ ಮಳೆಗಾಲದಲ್ಲಿ ಯಾರು ಕೇಳಿದರೂ ಖಂಫೆತ್ ಮುಖ ಎತ್ತದೆ, “ಹೋಗಲ್ಲ. ನಡೆದು ಹೋಗಿ” ಎನ್ನುತ್ತಾನೆ. ಹೊಳೆ ಶಾಂತವಾಗಿದ್ದರೂ ಕೆಲವೊಮ್ಮೆ ಹಾಗೇ ಅಂದುಬಿಡುತ್ತಾನೆ. ವಯಸ್ಸಾಯಿತು, ಸಿಡುಕನಾದ ಎಂದು ಊರವರು ನಗುತ್ತಾರೆ. ಕೆಸರಲ್ಲಿ ಅಷ್ಟು ದೂರ ಬಂದ ಪರದೇಶಿಗಳು ರೇಗಿ, ತಮ್ಮ ತಮ್ಮ ಭಾಷೆಯಲ್ಲಿ ಬೈಯುತ್ತಾರೆ. ಖಂಫೆತ್ ಎದ್ದು ಹೋಗುವುದಿಲ್ಲ. ಅವರು ಮುಗಿಸುವವರೆಗೂ ತಲೆ ತಗ್ಗಿಸಿ ಕೂತು ಪೂರ್ತಿ ಕೇಳಿಸಿಕೊಳ್ಳುತ್ತಾನೆ.