ದೀಪದ ಗಾಜಿಗಾಗಿ ತಾಂಡೂರಿನವರೆಗೆ

ಪುಷ್ಯ ಮಾಸದ ಚಳಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬೀದರಿನಿಂದ ಹೊರಟೆವು. ನಾನು, ನಮ್ಮವರು, ನಮ್ಮ ಮಾವನವರ ಕಾಲದ ಕಾರು. ಲಾರಿಯ ಗಾಲಿಯಿಂದ ಸಿಡಿದ ಕಲ್ಲಿಗೆ ಅದರ ಮುಂದಿನ ಒಂದು ದೀಪದ ಗಾಜು ಒಡೆದಿತ್ತು, ಇನ್ನೊಂದು ಹಳದಿಗಟ್ಟಿತ್ತು. ಅಂಥ ಗಾಜು ಈಗ ಹೈದರಾಬಾದಿನಲ್ಲೂ ಸಿಗುವುದಿಲ್ಲ. ಮಾಡಿಸಿಯೇ ತರುತ್ತೇನೆಂದು ಇವರ ಹಟ.

ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ದವಾಖಾನೆಗೆ ಒಯ್ಯುವ ಗಾಡಿ ಇದೇ. ಮೈದುನನಿಗೆ ಓಡಿಸಲು ಬಂದರೂ ಇವರು ಕೀಲಿ ಬಿಟ್ಟುಕೊಡುತ್ತಿರಲಿಲ್ಲ. ಹೋದ ತಿಂಗಳು ಕತ್ತಲಲ್ಲಿ ಒಂದು ಎಮ್ಮೆಗೆ ಗುದ್ದುವುದು ಸ್ವಲ್ಪದರಲ್ಲೇ ತಪ್ಪಿತ್ತು. ತಪ್ಪು ಗಾಜಿನದೆಂದು ಇವರು, ಇವರ ಕಣ್ಣಿನದೆಂದು ಮನಸ್ಸಿನಲ್ಲೇ ನಾನು. ಬಾಯಿಬಿಟ್ಟು ಹೇಳಿದರೆ ಊಟ ಬಿಡುವ ಮನುಷ್ಯ! ಗಾಜು ಸರಿಯಾದರೆ ಮತ್ತೆ ರಾತ್ರಿ ಗಾಡಿ ತೆಗೆಯುತ್ತಾರೆ, ಯಾರದೋ ಜೀವ ಹೋಗುತ್ತದೆ ಎಂಬುದೇ ನನ್ನ ಅಂಜಿಕೆ.

ಜಹೀರಾಬಾದಿನಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯವನು ದಪ್ಪ ಗಾಜನ್ನು ದುಂಡಗೆ ಕೊಯ್ದು ನಾಲ್ಕು ತುಂಡು ಕೊಟ್ಟ. "ಇದು ಸಪಾಟ ಅದ ರೀ. ಬಗ್ಗಸಾಕ ಭಟ್ಟಿ ಬೇಕು. ಖೇಡದ ಕುಂಬಾರ್ರ ಕಡಿ ಹೋಗ್ರಿ" ಎಂದ. ಕಡಲೆ ಹೊಲಗಳ ನಡುವಿನ ಧೂಳು ಕುಡಿಯುತ್ತ ನಾರಾಯಣಖೇಡ ಮುಟ್ಟಿದೆವು.

ಅಲ್ಲಿಯ ಕುಂಬಾರ ಮಾಣಿಕಪ್ಪ ನಮ್ಮ ಹಳದಿಗಟ್ಟಿದ ಗಾಜಿನ ಅಳತೆಗೆ ಮಣ್ಣಿನ ಬಟ್ಟಲುಗಳನ್ನು ಮಾಡಿ, ಒಣಗಿಸಿ ಸುಟ್ಟು, ಒಳಗೆ ಬೂದಿ ಉದುರಿಸಿ, ಮೇಲೆ ಗಾಜಿಟ್ಟು ಮತ್ತೆ ಭಟ್ಟಿಗೆ ಸೇರಿಸಿದ. ಕಾವಿಗೆ ಗಾಜು ಮೆತ್ತಗಾಗಿ ಬಟ್ಟಲೊಳಗೆ ಇಳಿಯುತ್ತದಂತೆ. ಅವನ ಹೆಂಡತಿಯ ಕೈಯ ಪುಂಡಿಪಲ್ಯ ಉಂಡು ಅಷ್ಟೂ ರಾತ್ರಿ ಅವರ ಪಡಸಾಲೆಯಲ್ಲೇ ಮಲಗಿದೆವು.

"ತಡೀರಿ ಸಾಹೇಬ್ರ, ಆರಲಿ. ಗಾಳಿ ತಾಕಿದ್ರ ಠಪ್ ಅಂತದ" ಎಂದು ಮಾಣಿಕಪ್ಪ ಹೇಳುತ್ತಲೇ ಇದ್ದ. ನಮ್ಮವರು ಕೇಳಬೇಕಲ್ಲ? ಭಟ್ಟಿಯ ಮುಚ್ಚಳ ಸರಿಸಿ ಇಣುಕಿದರು. ಎರಡು ಗಾಜು ಠಪ್ಪೆಂದವು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಉಳಿದೆರಡು ಪೂರ್ತಿ ಆರಿದ ಮೇಲೆ ಚೆಂದಾಗಿ ಬಾಗಿ ಹೊರಬಂದವು. ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ತಾಂಡೂರಿನ ದಾರಿಯ ತಗ್ಗುದಿನ್ನೆಗಳಲ್ಲಿ, ಜಾರಿಸಿಬಿಡಲೇ ಎಂದು ಎಷ್ಟು ಸಲ ಅನ್ನಿಸಿತೋ. ಗಂಟಿನ ಕಡೆಗೇ ಕಣ್ಣಾಡಿಸುತ್ತಿದ್ದ ಇವರ ಮುಖ ನೋಡಿ ಇನ್ನಷ್ಟು ಬಿಗಿಯಾಗಿ ಹಿಡಿದೆ.

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಯೂಸುಫ್ ಭಾಯಿ, ಗಾಜಿನ ಅಂಚು ತಿಕ್ಕಿ, ಬೆಳಕು ಹರಡಲೆಂದು ಒಳಗೆ ಸಾಲು ಗೆರೆ ಕೊರೆದುಕೊಟ್ಟರು. ಹೊತ್ತು ಇಳಿದಿತ್ತು. ನಮ್ಮವರು ಅವಸರದಲ್ಲಿ ತಾವೇ ಕೂಡಿಸಿ ದೀಪ ಹಾಕಿದರೆ ಬೆಳಕೆಲ್ಲ ಬೇವಿನ ಮರದ ತುದಿಗೆ!

"ಕಾಗಿಗಿ ಲೈಟ್ ಹಿಡದೀರೇನ್ರಿ ಸಾಬ್?" ಎಂದು ಯೂಸುಫ್ ಭಾಯಿ ನಕ್ಕು, ಗಾಜು ತಿರುಗಿಸಿ, ಅಡ್ಡವಾಗಿದ್ದ ಗೆರೆಗಳನ್ನು ನೆಟ್ಟಗೆ ಮಾಡಿದರು. ಬೆಳಕು ರಸ್ತೆಯ ಎರಡೂ ಅಂಚಿಗೆ ಹಾಸಿಕೊಂಡಿತು. ಎಂಥ ಬೆಳಕು ಅದು!

"ಇವತ್ತ ಇಲ್ಲೇ ಇರೋಣ್ರಿ" ಎಂದೆ.

"ದೀಪ ಇಷ್ಟು ಛಂದ ಆದ ಮ್ಯಾಲ ಯಾಕ?" ಎಂದು ಗಾಡಿ ಬಿಟ್ಟೇಬಿಟ್ಟರು.

ಪೆದ್ದೆಮುಲ್ ಹತ್ತಿರ, ಮುಚ್ಚಂಜೆಯಲ್ಲಿ, ತೊಗರಿ ಕಟ್ಟಿಗೆಯ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆಗಿಳಿದಳು. ನನಗೆ ಅವಳ ಸೀರೆಯ ಅಂಚೂ ಕಾಣುತ್ತಿತ್ತು. ಗಾಡಿ ಮಾತ್ರ ನಿಧಾನಿಸಲಿಲ್ಲ.

"ರೀ! ಹೆಣ್ಮಗಳು!" ಎಂದು ಚೀರಿದೆ.

ಬ್ರೇಕು ಕಿರುಗುಟ್ಟಿತು. ಹೊರೆ ಬಿತ್ತು, ಅವಳಿಗೇನೂ ಆಗಿರಲಿಲ್ಲ. ಗಾಬರಿಯಿಂದ ಇಳಿದೋಡಿದ ನನಗೇ ಅವಳು ಸಮಾಧಾನ ಹೇಳಿದಳು. "ಅಂಜಬ್ಯಾಡ್ರಿ ಅಕ್ಕಾ. ನಿಮ್ಮ ಲೈಟ್ ದೂರಿಂದ್ಲೇ ಕಂಡ್ವು. ಇಷ್ಟು ಬೆಳಕಿನಾಗ ನನ್ನ ನೋಡೇ ನೋಡ್ತಾರ ಅಂತ ದಾಟಿದೆ."

ನಮ್ಮವರು ಸ್ಟೇರಿಂಗ್ ಹಿಡಿದೇ ಕೂತಿದ್ದರು. "ನಾ ನೋಡ್ಲಿಲ್ಲ" ಎಂದರು. ಗಾಜಿನ ಮಾತು ಎತ್ತಲಿಲ್ಲ. ನನಗೆ ಅಳು ಬಂತು.

ಆ ಹೆಂಗಸಿನ ಅಂಗಳದಲ್ಲೇ ಇರುಳು ಕಳೆದೆವು. ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಇವರು ಗಾಡಿ ಹತ್ತಿ, "ಇನ್ನ ಹೊತ್ತು ಮುಣಗಿದ ಮ್ಯಾಲ ಕೀಲಿ ನಮ್ಮ ತಮ್ಮಗ ಕೊಡ್ತೀನಿ. ಹಗಲಿಗೆ ನನಗ ಕಾಣದಿದ್ರೂ ಮಂದಿಗೆ ನಾ ಕಾಣಲಿ" ಎಂದು ದೀಪ ಹಾಕಿದರು. ಜಹೀರಾಬಾದಿನಲ್ಲಿ ಎದುರು ಬಂದ ಬಸ್ಸಿನ ಡ್ರೈವರ್ ಬೆರಳು ಬಿಚ್ಚಿ ಮುಚ್ಚಿ, ಹಗಲಲ್ಲೇ ದೀಪ ಉರಿಯುತ್ತಿದೆಯೆಂದು ಸನ್ನೆ ಮಾಡಿದ. ಇವರು ತಲೆಯಾಡಿಸಿ ಮುಂದೆ ಹೋದರು. ಬೀದರಿನ ಮನೆಬಾಗಿಲವರೆಗೂ ದೀಪ ಆರಿಸಲಿಲ್ಲ.